ಅಪ್ಪನ ಮನೆ ಮಾರುವ ಮೊದಲು: ಗಂಡನ ಸಂಬಳ ಸಾಲದಿದ್ದಾಗ ಬ್ರಿಟನ್ ವೀಸಾ

ಪ್ರಶ್ನೆ: ನಾನು ಡೊಂಬಿವಿಲಿಯವಳು, ವಯಸ್ಸು 31. ಐರೋಲಿಯ ಒಂದು ಕಂಪನಿಯಲ್ಲಿ ಕೆಲಸ, ವರ್ಷಕ್ಕೆ 14 ಲಕ್ಷ ಸಂಬಳ. ಕಳೆದ ಫೆಬ್ರುವರಿಯಲ್ಲಿ ಉಡುಪಿಯಲ್ಲಿ ಮದುವೆಯಾಯಿತು. ನನ್ನ ಗಂಡ ಬ್ರಿಟಿಷ್ ಪ್ರಜೆ. ಅವರ ಅಜ್ಜ ಕಾಪು ಕಡೆಯಿಂದ ಆಫ್ರಿಕಾಕ್ಕೆ ಹೋದವರು, ಮನೆಯಲ್ಲಿ ಈಗಲೂ ತುಳು, ಕನ್ನಡ ಆಡುತ್ತಾರೆ. ಲೆಸ್ಟರ್‌ನ ಒಂದು ಗೋದಾಮಿನಲ್ಲಿ ಮೂರು ವರ್ಷದಿಂದ ಮೇಲ್ವಿಚಾರಕರು, ವರ್ಷಕ್ಕೆ 26,400 ಪೌಂಡ್ ಸಂಬಳ. ನನ್ನನ್ನು ಕರೆಸಿಕೊಳ್ಳಲು 29,000 ಬೇಕಂತೆ. ಒಬ್ಬ ಏಜೆಂಟರು ಒಂದು ಕೋಟಿ ರೂಪಾಯಿ ತೋರಿಸಬೇಕು ಎಂದರು. ಇನ್ನೊಬ್ಬರು 25 ಲಕ್ಷವನ್ನು 28 ದಿನ ಖಾತೆಯಲ್ಲಿಟ್ಟರೆ ಸಾಕು, ಹಣ ತಾವೇ ಹಾಕುತ್ತೇವೆ, ಕಮಿಷನ್ ಕೊಡಿ ಎಂದರು. ಘಾಟ್‌ಕೋಪರ್‌ನ ಚಿಕ್ಕಪ್ಪ, ಮಾವನವರೇ ಪತ್ರ ಬರೆದುಕೊಟ್ಟರೆ ಆಗುತ್ತದೆ ಎನ್ನುತ್ತಾರೆ. ನನ್ನ ಹೆಸರಿನಲ್ಲಿ ಎರಡು ವರ್ಷದಿಂದ 9 ಲಕ್ಷದ ಎಫ್‌ಡಿ, 6 ಲಕ್ಷದ ಮ್ಯೂಚುವಲ್ ಫಂಡ್, ಒಂದಷ್ಟು ಚಿನ್ನ ಇದೆ. ಕಲ್ಯಾಣದಲ್ಲಿ ನನ್ನದೇ ಒಂದು ಸಣ್ಣ ಫ್ಲ್ಯಾಟ್ ಇದೆ, 17,000 ರೂಪಾಯಿ ಬಾಡಿಗೆ ಅಪ್ಪನ ಖಾತೆಗೆ ಬರುತ್ತದೆ. ಠಾಣೆಯಲ್ಲಿ ಮೂವತ್ತು ವರ್ಷ ಕ್ಯಾಂಟೀನ್ ನಡೆಸಿದ ಅಪ್ಪ ಈಗ ನಾವಿರುವ ಮನೆಯನ್ನೇ ಮಾರಿ ಹಣ ಕೊಡುತ್ತೇನೆ ಎಂದು ಹಟ ಹಿಡಿದಿದ್ದಾರೆ. ಅವರ ಹತ್ತಿರ ಬೇರೆ ಇರುವುದು ಕ್ರೆಡಿಟ್ ಸೊಸೈಟಿಯ 16 ಲಕ್ಷದ ಠೇವಣಿ ಮಾತ್ರ. ಬ್ರೋಕರ್ 62 ಲಕ್ಷಕ್ಕೆ ಗಿರಾಕಿ ತಂದಿದ್ದಾರೆ, ಮುಂದಿನ ವಾರ ಟೋಕನ್. ಏನು ಮಾಡಲಿ ಸರ್?

ಉತ್ತರ: ಮೊದಲು ಟೋಕನ್ ನಿಲ್ಲಿಸಿ. ಉಳಿದದ್ದನ್ನು ಆಮೇಲೆ ನೋಡೋಣ.

ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಂಡದ್ದು ನಿಮ್ಮ ತಂದೆಯವರ ಮನೆಯೇ ಹೊರತು ವೀಸಾ ಅಲ್ಲ. ಇಪ್ಪತ್ತು ವರ್ಷಗಳಿಂದ ಮುಂಬಯಿಯಲ್ಲಿ ಕುಟುಂಬ ವೀಸಾಗಳ ಕೆಲಸ ಮಾಡುತ್ತಿದ್ದೇನೆ. ಮಗಳನ್ನು ಗಂಡನ ಬಳಿ ಕಳಿಸಲು ಇದ್ದದ್ದನ್ನು ಮಾರಿ, ಆ ಹಣ ಕಡೆಗೂ ಲೆಕ್ಕಕ್ಕೆ ಬಾರದೆ ಹೋದದ್ದನ್ನು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ನೋಡಿದ್ದೇನೆ. ನಿಮಗೆ ಕಡಿಮೆ ಬಿದ್ದಿರುವುದು ಒಂದು ಕೋಟಿಯಲ್ಲ, 62 ಲಕ್ಷವೂ ಅಲ್ಲ. ವರ್ಷಕ್ಕೆ 2,600 ಪೌಂಡ್. ಇಡೀ ಉತ್ತರವನ್ನು ಈ ಒಂದು ಸಂಖ್ಯೆಯ ಸುತ್ತ ಕಟ್ಟುತ್ತೇನೆ.

ಈ 29,000 ಎಲ್ಲಿಂದ ಬಂತು ಎಂದು ತಿಳಿದರೆ ಉಳಿದ ನಿಯಮಗಳು ಸುಲಭವಾಗಿ ಅರ್ಥವಾಗುತ್ತವೆ. ಸಂಗಾತಿಯನ್ನು ಕರೆಸಿಕೊಳ್ಳಲು ಇಂತಿಷ್ಟು ಆದಾಯ ಇರಲೇಬೇಕೆಂದು ಬ್ರಿಟನ್ 2012ರ ಜುಲೈಯಲ್ಲಿ ನಿಯಮ ಮಾಡಿತು. ಆಗ ಮೊತ್ತ 18,600 ಪೌಂಡ್ ಇತ್ತು. ದಂಪತಿ ಸರ್ಕಾರದ ಆದಾಯ ನೆರವಿನ ಮೇಲೆ ನಿಲ್ಲಬಾರದು ಎಂಬುದು ಅದರ ಹಿಂದಿನ ಯೋಚನೆ. 2024ರ ಏಪ್ರಿಲ್ 11ರಿಂದ ಅದನ್ನು ಒಮ್ಮೆಗೇ 29,000ಕ್ಕೆ ಏರಿಸಿದರು. ಮುಂದೆ 38,700ರವರೆಗೆ ಒಯ್ಯುವ ಯೋಜನೆಯೂ ಇತ್ತು. ಆದರೆ ಅದೇ ವರ್ಷ ಬಂದ ಹೊಸ ಸರ್ಕಾರ ಏರಿಕೆಯನ್ನು ತಡೆದು, ವಲಸೆ ಸಲಹಾ ಸಮಿತಿಯ ವರದಿ ಕೇಳಿತು. 2025ರ ಜೂನ್‌ನಲ್ಲಿ ವರದಿ ಬಂತು. ಅರ್ಜಿ ತುಂಬುವ ದಿನ ಬ್ರಿಟಿಷ್ ಸರ್ಕಾರದ ಜಾಲತಾಣದಲ್ಲಿ ಮೊತ್ತವನ್ನು ನಿಮ್ಮ ಕಣ್ಣಿನಿಂದಲೇ ನೋಡಿಕೊಳ್ಳಿ. ನನ್ನ ಈ ಉತ್ತರವನ್ನಾಗಲಿ, ಯಾರ ಮಾತನ್ನಾಗಲಿ ಆ ದಿನ ನೆಚ್ಚಬೇಡಿ.

ನಿಮ್ಮ ಪತಿಯ ದುಡಿಮೆಯಲ್ಲಿ ಕೊರತೆ ಏನೂ ಇಲ್ಲ ಎಂಬುದನ್ನೂ ಹೇಳಬೇಕು. 2025ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಗಂಟೆಗೆ ಕನಿಷ್ಠ ಕೂಲಿ 12.21 ಪೌಂಡ್ ಆಯಿತು. ಆ ದರದಲ್ಲಿ ವಾರಕ್ಕೆ ನಲವತ್ತು ಗಂಟೆಯಂತೆ ಇಡೀ ವರ್ಷ ದುಡಿದರೂ 25,400ರ ಆಸುಪಾಸಿಗೆ ಬರುತ್ತಿತ್ತು. ಪೂರ್ತಿ ಹೊತ್ತು ಪ್ರಾಮಾಣಿಕವಾಗಿ ದುಡಿಯುವವನಿಗೂ ಹೆಂಡತಿಯನ್ನು ಕರೆಸಿಕೊಳ್ಳಲಾಗದ ಹಾಗೆ ಈ ಗೆರೆ ಎಳೆದಿದ್ದಾರೆ. ಅದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ 2017ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಈ ಷರತ್ತು ತತ್ತ್ವತಃ ಕಾನೂನುಬದ್ಧವೇ ಎಂದಿದೆ. ಹಾಗಾಗಿ ಗೆರೆಯನ್ನು ದಾಟುವುದು ಹೇಗೆ ಎಂದು ನೋಡುವುದೇ ನಮ್ಮ ಕೆಲಸ.

ಈಗ ನಿಮ್ಮ ಕಿವಿಗೆ ಬಿದ್ದ ಮಾತುಗಳು. ಒಂದು ಕೋಟಿಯ ಮಾತು ಪೂರ್ತಿ ಸುಳ್ಳಲ್ಲ, ಆದರೆ ನಿಮಗೆ ಸಂಬಂಧಿಸಿದ್ದಲ್ಲ. ಆದಾಯವೇ ಇಲ್ಲದವರು ಬರೀ ಉಳಿತಾಯ ತೋರಿಸಿ ಅರ್ಜಿ ಹಾಕುವುದಾದರೆ 88,500 ಪೌಂಡ್ ಬೇಕು. ಪೌಂಡಿಗೆ 120 ರೂಪಾಯಿಯಂತೆ ಹಿಡಿದರೆ ಒಂದು ಕೋಟಿ ಆರು ಲಕ್ಷ. (ಈ ಉತ್ತರದಲ್ಲೆಲ್ಲ ಲೆಕ್ಕದ ಅನುಕೂಲಕ್ಕೆ 120 ಎಂದೇ ಹಿಡಿಯುತ್ತೇನೆ.) ನಿಮ್ಮ ಪತಿಗೆ ಸಂಬಳವಿದೆ. ನೀವು ತುಂಬಬೇಕಾದದ್ದು ಕಡಿಮೆ ಬಿದ್ದ ಭಾಗವನ್ನಷ್ಟೇ.

28 ದಿನದ ಮಾತು ಬಂದದ್ದು ವಿದ್ಯಾರ್ಥಿ ವೀಸಾದಿಂದ. ಓದಲು ಹೋಗುವ ಮಕ್ಕಳು ಹಣವನ್ನು ಸತತ 28 ದಿನ ಖಾತೆಯಲ್ಲಿ ಇಟ್ಟಿರಬೇಕೆಂಬ ನಿಯಮವಿದೆ. ಏಜೆಂಟರು ಅದನ್ನೇ ಎತ್ತಿ ಇಲ್ಲಿಗೆ ಅಂಟಿಸುತ್ತಾರೆ. ಸಂಗಾತಿಯ ವೀಸಾದಲ್ಲಿ ಉಳಿತಾಯದ ಹಣ ಆರು ತಿಂಗಳು ಪೂರ್ತಿ ನಿಮ್ಮ ಅಥವಾ ನಿಮ್ಮ ಪತಿಯ ಕೈಯಲ್ಲಿರಬೇಕು. ಇಲ್ಲಿಯೂ 28 ಎಂಬ ಸಂಖ್ಯೆ ಬರುತ್ತದೆ, ಆದರೆ ಬೇರೆ ಕಾರಣಕ್ಕೆ: ಬ್ಯಾಂಕ್ ಸ್ಟೇಟ್‌ಮೆಂಟು ಮತ್ತು ಸಂಬಳ ಚೀಟಿಗಳಲ್ಲಿ ಕೊನೆಯದು, ಅರ್ಜಿ ಹಾಕುವ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು. ಎರಡನ್ನೂ ಒಂದೇ ಎಂದುಕೊಂಡು ಕೆಟ್ಟವರು ಬಹಳ.

ಇನ್ನು ಕಮಿಷನ್ ತೆಗೆದುಕೊಂಡು ಖಾತೆಗೆ ಹಣ ಹಾಕಿಕೊಡುವವರು. ಅದು ಸಾಲ. ಸಾಲದ ಹಣ ಉಳಿತಾಯವಾಗಿ ಎಣಿಕೆಗೆ ಬರುವುದಿಲ್ಲ. ಹಣದ ಮೂಲ ಯಾವುದು ಎಂದು ನೀವು ಸಹಿ ಹಾಕಿ ಘೋಷಿಸಬೇಕು. ಅಲ್ಲಿ ಸುಳ್ಳು ಬರೆದು ಸಿಕ್ಕಿಬಿದ್ದರೆ ಈ ಅರ್ಜಿಯೊಂದೇ ಹೋಗುವುದಿಲ್ಲ, ಮುಂದೆ ಹಾಕುವ ಪ್ರತಿಯೊಂದು ಅರ್ಜಿಯಲ್ಲೂ ಅದನ್ನು ಹೇಳಿಕೊಳ್ಳಬೇಕಾಗುತ್ತದೆ. ಆ ಏಜೆಂಟರ ಫೋನ್ ಮತ್ತೆ ಎತ್ತಬೇಡಿ.

ಚಿಕ್ಕಪ್ಪನವರ ಮಾತಿನಲ್ಲಿ ಅರ್ಧ ನಿಜವಿದೆ. ವಾಸಕ್ಕೆ ಜಾಗ ತೋರಿಸುವ ವಿಷಯದಲ್ಲಿ ಮಾವನವರ ಪತ್ರ ನಡೆಯುತ್ತದೆ. ಮಗ, ಸೊಸೆ ನಮ್ಮ ಮನೆಯಲ್ಲೇ ಇರುತ್ತಾರೆ, ಅವರಿಗೆ ಇಂಥ ಕೋಣೆಯಿದೆ ಎಂದು ಬರೆದುಕೊಟ್ಟು, ಮನೆಯಲ್ಲಿ ಜನ ತುಂಬಿಲ್ಲ ಎಂದು ತೋರಿಸಿದರೆ ಸಾಕು. ಆದರೆ ಆದಾಯದ ವಿಷಯದಲ್ಲಿ, ನಾನು ನೋಡಿಕೊಳ್ಳುತ್ತೇನೆ ಎಂಬ ಮಾವನವರ ಭರವಸೆಗೆ ಬೆಲೆಯಿಲ್ಲ. 2017ರ ಆ ತೀರ್ಪಿನ ನಂತರ, ವೀಸಾ ನಿರಾಕರಿಸಿದರೆ ಕುಟುಂಬಕ್ಕೆ, ಅದರಲ್ಲೂ ಮಕ್ಕಳಿಗೆ, ತೀರಾ ಕಠಿಣ ಪರಿಣಾಮವಾಗುವಂಥ ಅಸಾಧಾರಣ ಸಂದರ್ಭಗಳಲ್ಲಿ ಮೂರನೆಯವರ ನೆರವನ್ನೂ ಪರಿಗಣಿಸಬಹುದು ಎಂದು ನಿಯಮ ತಿದ್ದಿದ್ದಾರೆ. ನಿಮ್ಮದು ಅಂಥ ಸಂದರ್ಭ ಅಲ್ಲ. ಆರೋಗ್ಯವಂತ ದಂಪತಿ, ಇಬ್ಬರಿಗೂ ಕೆಲಸ, ಮಕ್ಕಳಿನ್ನೂ ಇಲ್ಲ. ಆ ಬಾಗಿಲು ತಟ್ಟಬೇಡಿ.

ನಿಮ್ಮ 14 ಲಕ್ಷದ ಸಂಬಳ? ಅದೂ ಲೆಕ್ಕಕ್ಕಿಲ್ಲ. ಹೊರಗಿನಿಂದ ಮೊದಲ ಸಲ ಅರ್ಜಿ ಹಾಕುವಾಗ ಅಲ್ಲಿರುವ ಸಂಗಾತಿಯ ದುಡಿಮೆಯ ಆದಾಯ ಮಾತ್ರ ಎಣಿಕೆಯಾಗುತ್ತದೆ. ಇಲ್ಲಿನ ಕೆಲಸವನ್ನು ನೀವು ಬಿಟ್ಟೇ ಹೋಗುವವರು ಎಂಬುದು ಅವರ ತರ್ಕ. ಇದನ್ನು ಹೇಳಿದಾಗ ಎದುರು ಕುಳಿತ ಹೆಣ್ಣುಮಕ್ಕಳ ಮುಖ ಬಾಡುವುದನ್ನು ಎಷ್ಟೋ ಸಲ ನೋಡಿದ್ದೇನೆ. ಗಂಡನಿಗಿಂತ ಹೆಚ್ಚು ಜವಾಬ್ದಾರಿಯ ಕೆಲಸದಲ್ಲಿರುವವರಿಗೆ ಅದು ಅವಮಾನದಂತೆಯೇ ಅನಿಸುತ್ತದೆ. ಆದರೆ ಆ ಸಂಬಳದಿಂದ ಉಳಿಸಿದ ಹಣ ಮತ್ತು ನಿಮ್ಮ ಆಸ್ತಿಯ ಬಾಡಿಗೆ ಲೆಕ್ಕಕ್ಕೆ ಬರುತ್ತವೆ. ಅಲ್ಲಿಗೆ ಬರೋಣ.

ಉಳಿತಾಯದ ಲೆಕ್ಕ ಹೀಗಿದೆ. ಮೊದಲ 16,000 ಪೌಂಡನ್ನು ವೀಸಾ ಅಧಿಕಾರಿಗಳು ಎಣಿಕೆಗೆ ಹಿಡಿಯುವುದೇ ಇಲ್ಲ. ಅದರ ಮೇಲಿನ ಹಣವನ್ನು ಎರಡೂವರೆಯಿಂದ ಭಾಗಿಸಿ, ಬಂದದ್ದನ್ನು ವಾರ್ಷಿಕ ಆದಾಯಕ್ಕೆ ಕೂಡಿಸುತ್ತಾರೆ. 16,000 ಏಕೆ? ಅಷ್ಟು ಉಳಿತಾಯವಿರುವವರಿಗೆ ಬ್ರಿಟನ್ನಿನಲ್ಲಿ ಆದಾಯ ಆಧಾರಿತ ಸರ್ಕಾರಿ ನೆರವು ಸಾಮಾನ್ಯವಾಗಿ ಸಿಗುವುದಿಲ್ಲ. ಎರಡೂವರೆ ಏಕೆ? ಮೊದಲ ವೀಸಾದ ಅವಧಿ ಸುಮಾರು ಎರಡೂವರೆ ವರ್ಷ, ಅಷ್ಟೂ ಕಾಲ ಕೊರತೆ ತುಂಬುವ ಹಣ ಕೈಯಲ್ಲಿರಬೇಕು. ನಿಮ್ಮ ಕೊರತೆ 2,600. ಎರಡೂವರೆಯಿಂದ ಗುಣಿಸಿದರೆ 6,500. ಅದಕ್ಕೆ 16,000 ಸೇರಿಸಿದರೆ 22,500 ಪೌಂಡ್, ಅಂದರೆ 27 ಲಕ್ಷ ರೂಪಾಯಿ.

ನಿಮ್ಮ ಎಫ್‌ಡಿ ಮತ್ತು ಮ್ಯೂಚುವಲ್ ಫಂಡ್ ಸೇರಿ 15 ಲಕ್ಷ. ಇದು 16,000 ಪೌಂಡಿನ, ಅಂದರೆ 19 ಲಕ್ಷ 20 ಸಾವಿರದ ಒಳಗೇ ಇದೆ. ಹಾಗಾಗಿ ಇವತ್ತಿನ ದಿನ ನಿಮ್ಮ 15 ಲಕ್ಷದ ಬೆಲೆ ಈ ಅರ್ಜಿಯಲ್ಲಿ ಸೊನ್ನೆ. ಒಪ್ಪಿಕೊಳ್ಳಲು ಕಷ್ಟವಾಗುವ ಮಾತು, ಆದರೆ ಇದನ್ನು ತಿಳಿಯದೆ ಅರ್ಜಿ ಹಾಕಿದರೆ ಕಟ್ಟಿದ ಶುಲ್ಕವೂ ಕೈಬಿಡುತ್ತದೆ.

ಏನೇನು ಉಳಿತಾಯ ಎನಿಸಿಕೊಳ್ಳುತ್ತದೆ? ಎಫ್‌ಡಿ ಬರುತ್ತದೆ. ಬಡ್ಡಿ ಕಡಿತವಾದರೂ ಬೇಕಾದಾಗ ಮುರಿಸಿಕೊಳ್ಳುವಂತಿದ್ದರೆ ಸಾಕು, ಮುರಿಸಲೇಬೇಕಾಗಿಲ್ಲ. ಮ್ಯೂಚುವಲ್ ಫಂಡನ್ನು ಅರ್ಜಿಗೆ ಮೊದಲು ಮಾರಿ ಖಾತೆಗೆ ತರಬೇಕು. ಆರು ತಿಂಗಳ ಹಿಂದೆಯೂ ಅದು ನಿಮ್ಮದೇ ಆಗಿತ್ತು, ಅಷ್ಟು ಬೆಲೆಯೂ ಇತ್ತು ಎಂಬ ಕಾಗದವಿದ್ದರೆ ಹೊಸದಾಗಿ ಕಾಯಬೇಕಾಗಿಲ್ಲ. ಚಿನ್ನ ಬರುವುದಿಲ್ಲ. ಮಾರಿದರೆ, ಹಣ ಖಾತೆಗೆ ಬಿದ್ದ ದಿನದಿಂದ ಆರು ತಿಂಗಳು. ಪಿಎಫ್, ಪಿಪಿಎಫ್, ಜೀವವಿಮೆ ಯಾವುದೂ ನಗದಾಗಿ ಕೈಗೆ ಬರುವವರೆಗೆ ಉಪಯೋಗಕ್ಕಿಲ್ಲ. ಹಣವನ್ನು ಬ್ರಿಟನ್ನಿಗೆ ಕಳಿಸಬೇಕೇ ಎಂದು ತುಂಬ ಜನ ಕೇಳುತ್ತಾರೆ. ಬೇಡ, ಇಲ್ಲಿನ ಖಾತೆಯಲ್ಲೇ ಇರಲಿ. ಆದರೆ ರಿಸರ್ವ್ ಬ್ಯಾಂಕಿನ ನಿಯಂತ್ರಣದಲ್ಲಿರುವ ಬ್ಯಾಂಕ್ ಆಗಿರಲಿ. ನಮ್ಮ ಮುಂಬಯಿ ಕನ್ನಡಿಗರ ಉಳಿತಾಯ ಬಹಳಷ್ಟು ಪತ್‌ಪೇಢಿ, ಕ್ರೆಡಿಟ್ ಸೊಸೈಟಿಗಳಲ್ಲಿ ಕುಳಿತಿರುತ್ತದೆ. ಬಡ್ಡಿ ಅರ್ಧ ಶೇಕಡಾ ಹೆಚ್ಚು, ಗುರುತಿನವರೇ ನಡೆಸುತ್ತಾರೆ ಎಂಬ ನಂಬಿಕೆ. ಅವು ಸಹಕಾರ ಇಲಾಖೆಯಲ್ಲಿ ನೋಂದಾಯಿಸಿದ ಸಂಘಗಳು, ಬ್ಯಾಂಕುಗಳಲ್ಲ. ಈ ಅರ್ಜಿಗೆ ಆ ರಸೀದಿಗಳನ್ನು ನಾನು ಎಂದೂ ಇಡುವುದಿಲ್ಲ.

ಇನ್ನೊಂದು ಅಭ್ಯಾಸ, ಅಪ್ಪ ಮಗಳ ಜಂಟಿ ಖಾತೆ. ಹಣ ಯಾರದು ಎಂಬ ಪ್ರಶ್ನೆ ಏಳದಂತೆ ನಿಮ್ಮೊಬ್ಬರ ಹೆಸರಿನ, ಇಲ್ಲವೇ ಗಂಡ ಹೆಂಡತಿಯ ಹೆಸರಿನ ಖಾತೆಯಲ್ಲೇ ಇಡಿ.

ಆರು ತಿಂಗಳು ಎಂದರೆ ಆರು ತಿಂಗಳು. ಪುಣೆಯ ಚಿಂಚ್‌ವಡದ ಒಬ್ಬ ಹುಡುಗ ಒಮ್ಮೆ ತಿರಸ್ಕಾರದ ಪತ್ರ ಹಿಡಿದುಕೊಂಡು ನನ್ನಲ್ಲಿಗೆ ಬಂದ. ಸ್ಟೇಟ್‌ಮೆಂಟಿನ ಹದಿನೇಳು ಹಾಳೆ, ಪ್ರತಿ ಹಾಳೆಯ ಮೂಲೆಯಲ್ಲೂ ಬ್ಯಾಂಕಿನ ನೇರಳೆ ಮೊಹರು, ಎಲ್ಲ ಅಚ್ಚುಕಟ್ಟು. ಹನ್ನೊಂದನೆಯ ಹಾಳೆಗೆ ಬಂದಾಗ ನನ್ನ ಬೆರಳು ನಿಂತಿತು. ಒಂದು ಗುರುವಾರ ನಾಲ್ಕು ಲಕ್ಷ ಹೊರಗೆ ಹೋಗಿತ್ತು, ಸೋಮವಾರ ಅಷ್ಟೇ ಹಣ ಒಳಗೆ ಬಂದಿತ್ತು. ಅಣ್ಣನ ಫ್ಲ್ಯಾಟ್ ಬುಕಿಂಗಿಗೆ ನಾಲ್ಕು ದಿನದ ಕೈಗಡ ಕೊಟ್ಟಿದ್ದನಂತೆ. ಆರು ತಿಂಗಳಲ್ಲಿ ಖಾತೆಯ ಅತಿ ಕಡಿಮೆ ಮೊತ್ತ ಯಾವುದೋ ಅದನ್ನೇ ಅವರು ಉಳಿತಾಯವೆಂದು ಹಿಡಿಯುತ್ತಾರೆ. ಆ ನಾಲ್ಕು ದಿನಕ್ಕೆ ಆ ದಂಪತಿ ಇನ್ನೂ ಒಂಬತ್ತು ತಿಂಗಳು ದೂರ ಇರಬೇಕಾಯಿತು. ಹಾಗಾಗಿ ಈ ಹಣವನ್ನು ಬೇರೆ ಖಾತೆಯಲ್ಲಿ ಇಟ್ಟು, ಅದರ ಕಾರ್ಡನ್ನು ಬೀರುವಿನೊಳಗೆ ಇಟ್ಟುಬಿಡಿ.

ಈಗ ನಿಮ್ಮ ತಂದೆಯವರ ಮನೆ. ಸ್ವಂತ ಆಸ್ತಿ ಮಾರಿದ ಹಣಕ್ಕೆ ಆರು ತಿಂಗಳು ಕಾಯಬೇಕಿಲ್ಲ ಎಂದು ಅವರು ಎಲ್ಲೋ ಕೇಳಿರಬಹುದು. ಆ ವಿನಾಯಿತಿ ನಿಮ್ಮದು ಅಥವಾ ನಿಮ್ಮ ಪತಿಯದಾಗಿದ್ದ ಆಸ್ತಿಗೆ ಮಾತ್ರ. ತಂದೆಯವರು ಅವರ ಮನೆ ಮಾರಿ ಕೊಟ್ಟರೆ ಅದು ನಿಮಗೆ ಬಂದ ಕೊಡುಗೆ, ಖಾತೆಗೆ ಬಿದ್ದ ದಿನದಿಂದ ಆರು ತಿಂಗಳು ಎಣಿಸಬೇಕು. ಅಂದರೆ ಮನೆ ಹೋಗುತ್ತದೆ, ಕಾಯುವುದರಲ್ಲಿ ಒಂದು ದಿನವೂ ಉಳಿತಾಯವಾಗುವುದಿಲ್ಲ, ಮೇಲಾಗಿ ಬೇಕಾದದ್ದರ ಎರಡು ಪಾಲಿಗಿಂತ ಹೆಚ್ಚು ಹಣ ಸುಮ್ಮನೆ ಬಂದು ಕೂರುತ್ತದೆ. ಮೂವತ್ತು ವರ್ಷ ಕ್ಯಾಂಟೀನಿನ ಒಲೆಯ ಮುಂದೆ ನಿಂತು ಕಟ್ಟಿದ ಮನೆ ಅದು. ಅವರು ಪ್ರೀತಿಯಿಂದ ಹೇಳುತ್ತಿದ್ದಾರೆ, ನನಗೆ ಗೊತ್ತು. ಆದರೂ ಬೇಡ.

ನಿಮ್ಮ ಕಲ್ಯಾಣದ ಫ್ಲ್ಯಾಟ್ ಮಾರಿದರೆ ಆ ವಿನಾಯಿತಿ ಸಿಗುತ್ತದೆ. ಕಾಗದದ ಮೇಲೆ ಅದೇ ಹತ್ತಿರದ ದಾರಿ. ಆದರೆ ಗಿರಾಕಿ ಸಿಕ್ಕಿ, ಅವನ ಸಾಲ ಮಂಜೂರಾಗಿ, ನೋಂದಣಿ ಮುಗಿಯುವ ಹೊತ್ತಿಗೆ ಎರಡು ಮೂರು ತಿಂಗಳು ಹೋಗಿರುತ್ತದೆ. ಉಳಿಯುವ ಇನ್ನು ಮೂರು ತಿಂಗಳಿಗಾಗಿ ಸ್ವಂತ ಸಂಪಾದನೆಯ ಮನೆಯನ್ನು ಕಳೆದುಕೊಳ್ಳುವುದು ನನಗೆ ಸರಿಕಾಣುವುದಿಲ್ಲ. ಹೊಸ ದೇಶಕ್ಕೆ ಹೋಗುವ ಹೆಣ್ಣುಮಗಳ ಹೆಸರಿನಲ್ಲಿ ಊರಲ್ಲೊಂದು ಸೂರು ಇರಲಿ.

ಬಾಡಿಗೆಯ ವಿಷಯ. ಅರ್ಜಿದಾರಳ ಆಸ್ತಿಯ ಬಾಡಿಗೆ, ಅದು ಭಾರತದಲ್ಲಿದ್ದರೂ, ಎಣಿಕೆಗೆ ಬರುತ್ತದೆ. ಅರ್ಜಿಯ ಹಿಂದಿನ ಹನ್ನೆರಡು ತಿಂಗಳಲ್ಲಿ ನಿಮ್ಮ ಖಾತೆಗೆ ಎಷ್ಟು ಬಂದಿದೆಯೋ ಅಷ್ಟು. ನಿಮ್ಮದು ತಂದೆಯವರ ಖಾತೆಗೆ ಹೋಗುತ್ತಿದೆ, ಹಾಗಾಗಿ ಈವರೆಗಿನದು ವ್ಯರ್ಥ. ಈ ತಿಂಗಳಿನಿಂದಲೇ ನಿಮ್ಮ ಖಾತೆಗೆ ಹಾಕುವಂತೆ ಬಾಡಿಗೆದಾರರಿಗೆ ಹೇಳಿ. ಲೀವ್ ಅಂಡ್ ಲೈಸನ್ಸ್ ಕರಾರು, ಅಂದರೆ ಬಾಡಿಗೆ ಕರಾರು, ನೋಂದಣಿಯಾಗಿದೆಯೇ ನೋಡಿ. ಮಹಾರಾಷ್ಟ್ರದಲ್ಲಿ ಅದು ಕಡ್ಡಾಯ, ಹೊಣೆಯೂ ಮನೆ ಮಾಲೀಕರದೇ. ಇಂಡೆಕ್ಸ್ ಟು (ಮನೆಯ ನೋಂದಣಿಯ ಸಾರಾಂಶ) ಪ್ರತಿ ಮತ್ತು ಸೊಸೈಟಿಯ ಶೇರ್ ಸರ್ಟಿಫಿಕೇಟಿನಲ್ಲಿ ನಿಮ್ಮೊಬ್ಬರದೇ ಹೆಸರಿರಬೇಕು. ಹೊರಗಿನವರು ಪಾಲುದಾರರಾಗಿದ್ದರೆ ನಿಮ್ಮ ಪಾಲಿನ ಬಾಡಿಗೆ ಮಾತ್ರ ಸಿಗುತ್ತದೆ. ಆರು ತಿಂಗಳಲ್ಲಿ 1,02,000 ರೂಪಾಯಿ ಬರುತ್ತದೆ, ಅಂದರೆ 850 ಪೌಂಡ್. ಕೊರತೆ 1,750ಕ್ಕೆ ಇಳಿಯುತ್ತದೆ.

ಆ ಉಳಿದ ಕೊರತೆ ತುಂಬಬೇಕಾದ ಜಾಗ ಲೆಸ್ಟರ್ ಎಂದು ನನ್ನ ಖಚಿತ ಅಭಿಪ್ರಾಯ. ಬಾಡಿಗೆಯನ್ನು ಬಿಟ್ಟು ಇಡೀ 2,600 ಪೌಂಡ್ ಹಿಡಿದರೂ, 12.21ರ ಕನಿಷ್ಠ ಕೂಲಿಯ ದರದಲ್ಲಿ ಅದು ವಾರಕ್ಕೆ ನಾಲ್ಕೂವರೆ ಗಂಟೆಗಿಂತ ಕಡಿಮೆ ಕೆಲಸ. ಶನಿವಾರ ಐದು ಗಂಟೆ ದುಡಿದರೆ ವರ್ಷಕ್ಕೆ 3,170 ಪೌಂಡಿನಷ್ಟು ಆಗುತ್ತದೆ. ನಿಮ್ಮ ತಂದೆಯವರ ಮನೆ ಒಂದು ತಕ್ಕಡಿಯಲ್ಲಿ, ನಿಮ್ಮ ಪತಿಯ ಆರು ತಿಂಗಳ ಶನಿವಾರಗಳು ಇನ್ನೊಂದರಲ್ಲಿ. ಅವರಿಗೆ ಈಗಲೇ ದಣಿವಿರಬಹುದು, ಗೋದಾಮಿನ ಕೆಲಸ ಹಗುರವಲ್ಲ. ಆದರೂ ಈ ಲೆಕ್ಕವನ್ನು ಅವರ ಮುಂದಿಡಿ. ಬಹಳ ಕಡೆ ಗಂಡನಿಗೆ ಈ ಲೆಕ್ಕವನ್ನು ಯಾರೂ ಹೇಳಿರುವುದೇ ಇಲ್ಲ. ಹೆಂಡತಿಯ ಮನೆಯವರು ಇಲ್ಲಿ ಒಳಗೊಳಗೇ ಒದ್ದಾಡುತ್ತಿರುತ್ತಾರೆ.

ಮೂರು ರೀತಿಯಲ್ಲಿ ಮಾಡಬಹುದು. ಈಗಿನ ಕಂಪನಿಯಲ್ಲೇ ಹೆಚ್ಚುವರಿ ಗಂಟೆ ಕೇಳುವುದು ಎಲ್ಲಕ್ಕಿಂತ ಸರಳ, ಹೆಚ್ಚುವರಿ ದುಡಿಮೆಯ ಕೂಲಿಯನ್ನು ಆರು ತಿಂಗಳ ಸರಾಸರಿ ತೆಗೆದು ಸೇರಿಸುತ್ತಾರೆ. ಎರಡನೆಯದು, ಬೇರೆ ಕಡೆ ವಾರಾಂತ್ಯದ ಕೆಲಸ. ಅದಕ್ಕೂ ಆರು ತಿಂಗಳ ಸಂಬಳ ಚೀಟಿ, ಅದೇ ಹಣ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟು, ಮಾಲೀಕರ ಪತ್ರ ಬೇಕು. ಕೈಗೆ ನಗದು ಕೊಡುವ ಕೆಲಸ, ಅದು ನೆಂಟರ ಅಂಗಡಿಯೇ ಆಗಿರಲಿ, ಬೇಡ. ಮೂರನೆಯದು ಸಂಬಳ ಏರಿಕೆ. ಇಲ್ಲೊಂದು ಗುಂಡಿಯಿದೆ. ಆರು ತಿಂಗಳ ಚೀಟಿಗಳಲ್ಲಿ ಯಾವ ತಿಂಗಳ ಸಂಬಳ ಎಲ್ಲಕ್ಕಿಂತ ಕಡಿಮೆಯೋ ಅದನ್ನೇ ಹನ್ನೆರಡರಿಂದ ಗುಣಿಸುತ್ತಾರೆ. ಆದ್ದರಿಂದ ಏರಿಕೆಯಾದ ತಿಂಗಳಿನಿಂದ ಹೊಸದಾಗಿ ಆರು ಚೀಟಿ ಎಣಿಸಬೇಕು.

ಇದಕ್ಕಿಂತ ಆಳದ ಗುಂಡಿ ಕೆಲಸ ಬದಲಿಸುವುದು. 30,000 ಪೌಂಡಿನ ಹೊಸ ಕೆಲಸ ಸಿಕ್ಕಿತು, ಇನ್ನೇನು ಎಂದು ಒಂದೆರಡು ತಿಂಗಳಲ್ಲೇ ಅರ್ಜಿ ಹಾಕುವವರಿದ್ದಾರೆ. ಒಂದೇ ಮಾಲೀಕರಲ್ಲಿ ಆರು ತಿಂಗಳಾಗದಿದ್ದರೆ ನಿಯಮ ಬೇರೆ: ಈಗಿನ ಸಂಬಳ 29,000 ಮುಟ್ಟಬೇಕು, ಜೊತೆಗೆ ಹಿಂದಿನ ಹನ್ನೆರಡು ತಿಂಗಳಲ್ಲಿ ಕೈಗೆ ಬಂದ ಒಟ್ಟು ಗಳಿಕೆಯೂ 29,000 ಮುಟ್ಟಬೇಕು. ನಿಮ್ಮ ಪತಿಯ ಹಿಂದಿನ ವರ್ಷ 26,400. ಅಲ್ಲಿಗೆ ಅರ್ಜಿ ಬಿತ್ತು. ಕೆಲಸ ಬದಲಿಸುವುದಾದರೆ ಬದಲಿಸಲಿ, ಆದರೆ ಆರು ತಿಂಗಳು ಮುಗಿಯುವವರೆಗೆ ಅರ್ಜಿ ಹಾಕಬೇಡಿ. ಆ ಅವಧಿಯಲ್ಲಿ ಸಂಬಳವಿಲ್ಲದ ರಜೆಯನ್ನೂ ಹಾಕದಿರಲಿ.

ಅಲ್ಲಿ ಏನೂ ಆಗದಿದ್ದರೆ ಮಾತ್ರ ತಂದೆಯವರ ಸಹಾಯ, ಅದೂ ಠೇವಣಿಯಿಂದ. ಬೇಕಾದದ್ದು 27 ಲಕ್ಷ. ರೂಪಾಯಿ ಕುಸಿದರೆ ಎಂದು ಎರಡು ಲಕ್ಷ ಹೆಚ್ಚಿಗೆ ಇಟ್ಟುಕೊಳ್ಳಿ, ಏಕೆಂದರೆ ವಿನಿಮಯ ದರ ಹಿಡಿಯುವುದು ಅರ್ಜಿ ಹಾಕಿದ ದಿನದ್ದು. ನಿಮ್ಮದು 15, ತಂದೆಯವರದು 14. ಕ್ರೆಡಿಟ್ ಸೊಸೈಟಿಯಿಂದ ಅವರ ಬ್ಯಾಂಕ್ ಖಾತೆಗೆ, ಅಲ್ಲಿಂದ ನಿಮ್ಮ ಖಾತೆಗೆ ಬರಲಿ. ಎರಡೂ ಹೆಜ್ಜೆಯ ಕಾಗದ ಇಟ್ಟುಕೊಳ್ಳಿ, ಕೊಡುಗೆ ಎಂದು ಪತ್ರ ಬರೆಸಿಕೊಳ್ಳಿ. ತಂದೆ ಮಗಳಿಗೆ ಕೊಟ್ಟ ಹಣಕ್ಕೆ ನಮ್ಮಲ್ಲಿ ಆದಾಯ ತೆರಿಗೆಯಿಲ್ಲ. ಆದರೆ ಅದು ನಿಜವಾಗಿಯೂ ಕೊಡುಗೆಯಾಗಿರಬೇಕು. ಹಿಂದಿರುಗಿಸುವ ಕರಾರಿನ ಮೇಲೆ ಕೊಟ್ಟರೆ ಅದು ಸಾಲ. ಇದು ಅವರ ವೃದ್ಧಾಪ್ಯದ ಹಣ ಎಂಬ ಕಾರಣಕ್ಕೇ ಈ ದಾರಿಯನ್ನು ನಾನು ಎರಡನೆಯದಾಗಿ ಇಟ್ಟಿದ್ದೇನೆ. ಇದನ್ನು ಬಳಸುವುದಾದರೆ ಬಾಡಿಗೆಯ 850 ಪೌಂಡನ್ನೂ ಸೇರಿಸಿ, ಎರಡೂವರೆ ಲಕ್ಷದಷ್ಟು ಕಡಿಮೆ ಸಾಕಾಗುತ್ತದೆ.

ಶುಲ್ಕದ ಹಣವನ್ನು ಈ ಲೆಕ್ಕದೊಳಗೆ ಸೇರಿಸಬೇಡಿ. 2025ರ ಏಪ್ರಿಲ್‌ನಲ್ಲಿ ಅರ್ಜಿ ಶುಲ್ಕ 1,938 ಪೌಂಡ್ ಆಯಿತು. ಆರೋಗ್ಯ ಸೇವೆಯ ಶುಲ್ಕ ವರ್ಷಕ್ಕೆ 1,035ರಂತೆ, ಮೂರು ವರ್ಷದ ಲೆಕ್ಕದಲ್ಲಿ, ಒಟ್ಟು 3,105 ಪೌಂಡ್. ಎರಡೂ ಸೇರಿ ಆರು ಲಕ್ಷ ದಾಟುತ್ತದೆ. ಉಳಿತಾಯದ ಖಾತೆಯಿಂದಲೇ ಇದನ್ನು ಕಟ್ಟಿ, ಆ ಕ್ಷಣದಲ್ಲೇ ಉಳಿತಾಯ ಗೆರೆಯ ಕೆಳಗಿಳಿದ ಪ್ರಕರಣ ನಾನು ಕಂಡಿದ್ದೇನೆ. ನಿಮ್ಮ ಸಂಬಳದಿಂದ ತಿಂಗಳಿಗೆ ಇಷ್ಟೆಂದು ಬೇರೆ ಖಾತೆಯಲ್ಲಿ ಕೂಡಿಡಿ. ಆರು ತಿಂಗಳು ಹೇಗೂ ಕಾಯಬೇಕಲ್ಲ.

ಇಂಗ್ಲಿಷ್ ಪರೀಕ್ಷೆ, ಕ್ಷಯರೋಗ ತಪಾಸಣೆ, ಮದುವೆಯ ನೋಂದಣಿ ಪತ್ರ, ಇವು ನಿಮಗೆ ತೊಡಕಾಗುವುದಿಲ್ಲ. ಕ್ಷಯ ತಪಾಸಣೆಯ ಪ್ರಮಾಣಪತ್ರ ಆರು ತಿಂಗಳು ಮಾತ್ರ ನಡೆಯುತ್ತದೆ, ಈಗಲೇ ಓಡಬೇಡಿ.

ನಿಮ್ಮ ಪ್ರಶ್ನೆಗೆ ನೇರ ಸಂಬಂಧವಿಲ್ಲದಿದ್ದರೂ, ಗೋವಾದಿಂದ ಓದುವವರಿಗಾಗಿ ಒಂದು ಮಾತು. ಅಲ್ಲಿ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದು ಬ್ರಿಟನ್ನಿಗೆ ಹೋದವರು ಬಹಳ. ವಾಸ್ಕೋದ ಒಂದು ಕನ್ನಡ ಕುಟುಂಬ, ಅಳಿಯನಿಗೆ ಅಲ್ಲಿ ಯುರೋಪಿಯನ್ನರಿಗೆ ಕೊಟ್ಟ ನೆಲೆಯ ಹಕ್ಕು ಇದೆ, ಆದ್ದರಿಂದ ಮಗಳಿಗೆ ಆದಾಯದ ಷರತ್ತೇ ಇಲ್ಲ ಎಂದು ನಂಬಿ ಕುಳಿತಿತ್ತು. 2020ರ ಡಿಸೆಂಬರ್ 31ಕ್ಕೆ ಮೊದಲೇ ಸಂಬಂಧ ಇದ್ದವರಿಗೆ ಮಾತ್ರ ಆ ಸುಲಭದ ದಾರಿ. ಆಮೇಲೆ ಸಂಬಂಧ ಶುರುವಾದವರಿಗೆ ಇದೇ 29,000.

ನಿಮಗೆ ಇನ್ನೊಂದು ದಾರಿಯೂ ಉಂಟು, ಪತಿಯೇ ಇಲ್ಲಿಗೆ ಬಂದು ನೆಲೆಸುವುದು. ಅಜ್ಜ ಭಾರತೀಯರಾಗಿದ್ದ ದಾಖಲೆ ಸಿಕ್ಕರೆ ಅವರು ತಮ್ಮ ಹಕ್ಕಿನಲ್ಲೇ ಒಸಿಐ (ಸಾಗರೋತ್ತರ ಭಾರತೀಯ ಪ್ರಜೆ) ಕಾರ್ಡ್ ಪಡೆಯಬಹುದು. ಇಲ್ಲದಿದ್ದರೂ ನೋಂದಾಯಿತ ಮದುವೆಗೆ ಎರಡು ವರ್ಷವಾದ ಮೇಲೆ ನಿಮ್ಮ ಮೂಲಕ ಅರ್ಜಿ ಹಾಕಬಹುದು. ಅದಕ್ಕೆ ಕನಿಷ್ಠ ಆದಾಯದ ಷರತ್ತಿಲ್ಲ. ನಿಮ್ಮ ಕೆಲಸ ಇಲ್ಲಿ ಚೆನ್ನಾಗಿರುವಾಗ ಇಬ್ಬರೂ ಕುಳಿತು ಇದನ್ನೂ ಒಮ್ಮೆ ಮಾತಾಡಿ.

ಒಂದು ಸಮಾಧಾನದ ಸಂಗತಿ: ಈ ಇಕ್ಕಟ್ಟು ಮೊದಲ ಸಲಕ್ಕೆ ಮಾತ್ರ. ಅಲ್ಲಿಗೆ ಹೋದ ದಿನದಿಂದ ನೀವು ಕೆಲಸ ಮಾಡಬಹುದು. ಎರಡೂವರೆ ವರ್ಷದ ನಂತರ ವೀಸಾ ವಿಸ್ತರಿಸುವಾಗ ಇಬ್ಬರ ಗಳಿಕೆಯನ್ನೂ ಕೂಡಿಸುತ್ತಾರೆ.

ಈ ವಾರ ಮಾಡಬೇಕಾದದ್ದು ಇಷ್ಟು. ಬ್ರೋಕರಿಗೆ ಇಲ್ಲ ಎಂದು ಹೇಳಿ. ಬಾಡಿಗೆದಾರರಿಗೆ ನಿಮ್ಮ ಖಾತೆಯ ವಿವರ ಕಳಿಸಿ. ಭಾನುವಾರ ಪತಿಗೆ ಫೋನ್ ಮಾಡಿದಾಗ, ಕಳೆದ ಆರು ತಿಂಗಳ ಸಂಬಳ ಚೀಟಿಗಳನ್ನು ಎದುರಿಗೆ ಹರಡಿಕೊಂಡು ಒಂದೊಂದನ್ನೇ ಓದಲು ಹೇಳಿ. ಯಾವ ತಿಂಗಳು ಎಷ್ಟು ಬಂದಿದೆ, ಹೆಚ್ಚುವರಿ ಗಂಟೆಗಳ ಹಣ ಈಗಾಗಲೇ ಏನಾದರೂ ಇದೆಯೇ ಎಂದು ಬರೆದುಕೊಳ್ಳಿ. ಆ ಆರು ಅಂಕಿಗಳನ್ನು ನನಗೆ ಬರೆದು ಕಳಿಸಿ. ನಿಮ್ಮ ಕೊರತೆ ನಿಜಕ್ಕೂ 2,600 ಪೌಂಡೇ, ಅಥವಾ ಅದಕ್ಕಿಂತಲೂ ಕಡಿಮೆಯೇ ಎಂದು ಅದನ್ನು ನೋಡಿ ಹೇಳುತ್ತೇನೆ.